ಅವಧಿಗೆ ಮುನ್ನ ಜಡ್ಜ್ ಮನೆಗೆ: ಕಡ್ಡಾಯ ನಿವೃತ್ತಿಯ ಕಾನೂನು ಹೇಗೆ ಕೆಲಸ ಮಾಡುತ್ತದೆ?

1996ರ ನವೆಂಬರ್ 6. ಒಬ್ಬ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರನ್ನು ಕಡ್ಡಾಯವಾಗಿ ನಿವೃತ್ತಿ ಮಾಡುವ ಬಗ್ಗೆ ಟಿಪ್ಪಣಿ ಮಂಡಿಸಿ ಎಂದು ಪಟ್ನಾ ಹೈಕೋರ್ಟಿನ ಸ್ಥಾಯಿ ಸಮಿತಿ ಕಚೇರಿಗೆ ಸೂಚಿಸಿತು. ಅದೇ ತಿಂಗಳ 29ರಂದು ಆ ನ್ಯಾಯಾಧೀಶರಿಗೆ ಅವರ ಸೇವಾ ದಾಖಲೆಯ ಷರಾಗಳನ್ನು ತಿಳಿಸಲಾಯಿತು. 1991-92, 1992-93, 1993-94, ಮೂರೂ ವರ್ಷ ನಿಮ್ಮ ಕೆಲಸ 'ಸಿ' ದರ್ಜೆ. ಮೂರು ವರ್ಷದ ಷರಾವನ್ನೂ ಒಂದೇ ಸಲಕ್ಕೆ ಬರೆಯಲಾಗಿತ್ತು. ಯಾವತ್ತು ಬರೆದದ್ದು ಎಂಬ ತಾರೀಖು ದಾಖಲೆಯಲ್ಲಿ ಇರಲಿಲ್ಲ. ಮಾರನೇ ದಿನ, 30ಕ್ಕೆ, ಹೈಕೋರ್ಟಿನ ನ್ಯಾಯಮೂರ್ತಿಗಳೆಲ್ಲ ಸೇರುವ ಫುಲ್ ಕೋರ್ಟ್ ಸಭೆ ಅದೇ ಷರಾಗಳನ್ನು ಪರಿಗಣಿಸಿತು.

ಇದು ಮದನ್ ಮೋಹನ್ ಚೌಧರಿ ಪ್ರಕರಣ. 1999ರಲ್ಲಿ ಸುಪ್ರೀಂ ಕೋರ್ಟ್ ಈ ಕಡ್ಡಾಯ ನಿವೃತ್ತಿಯನ್ನು ರದ್ದು ಮಾಡಿತು. ಅದು ಗಮನಿಸಿದ್ದು ಮುಖ್ಯವಾಗಿ ತಾರೀಖುಗಳನ್ನು. ಮನೆಗೆ ಕಳಿಸಬೇಕು ಎಂಬ ಮನಸ್ಸು ಮೊದಲೇ ಆಗಿತ್ತು, ಅದಕ್ಕೆ ಬೇಕಾದ ಷರಾಗಳು ಆಮೇಲೆ ಹುಟ್ಟಿದವು. ಅವನ್ನು ಪಕ್ಕಕ್ಕಿಟ್ಟು ಉಳಿದ ದಾಖಲೆ ನೋಡಿದರೆ, ವಿವೇಕ ಇರುವ ಯಾರೂ ಇವರನ್ನು ಮನೆಗೆ ಕಳಿಸಬೇಕು ಎನ್ನುತ್ತಿರಲಿಲ್ಲ.

ಈ ಒಂದು ಪ್ರಕರಣ ಅರ್ಥವಾದರೆ ಕಡ್ಡಾಯ ನಿವೃತ್ತಿಯ ಕಾನೂನು ಮುಕ್ಕಾಲು ಪಾಲು ಅರ್ಥವಾದಂತೆ. ಅವಧಿಗೆ ಮುನ್ನ ಹೊರಬಿದ್ದ ನ್ಯಾಯಾಧೀಶರು ಕೋರ್ಟಿಗೆ ಹೋದಾಗ, "ಇವರು ಒಳ್ಳೆಯ ಜಡ್ಜಾ, ಕೆಟ್ಟ ಜಡ್ಜಾ?" ಎಂದು ಕೋರ್ಟ್ ಕೇಳುವುದಿಲ್ಲ. ಫೈಲಿನಲ್ಲಿ ಏನಿದೆ, ಅದು ಅಲ್ಲಿಗೆ ಹೇಗೆ ಬಂತು, ಪ್ರಾಮಾಣಿಕವಾಗಿ ಬಂತಾ ಎಂದು ಕೇಳುತ್ತದೆ. ಹಾಗಾಗಿ ಎಲ್ಲವೂ ಫೈಲಿನ ಮೇಲೆ ನಿಂತಿದೆ.

ಒಂದೇ ಹೆಸರು, ಎರಡು ಸಂಗತಿ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಡ್ಡಾಯ ನಿವೃತ್ತಿ ಅಂದಾಗ ಜನ ಎರಡು ಬೇರೆ ಬೇರೆ ವಿಷಯಗಳನ್ನು ಕಲಸಿಬಿಡುತ್ತಾರೆ.

ಒಂದು, ಶಿಕ್ಷೆಯಾಗಿ ಬರುವ ಕಡ್ಡಾಯ ನಿವೃತ್ತಿ. ತಪ್ಪು ಮಾಡಿದ್ದಾರೆ ಎಂಬ ಆರೋಪ ಬರುತ್ತದೆ, ಆರೋಪ ಪಟ್ಟಿ ಕೊಡುತ್ತಾರೆ, ವಿಚಾರಣಾಧಿಕಾರಿ ಕೂರುತ್ತಾರೆ, ಸಾಕ್ಷಿಗಳು ಬರುತ್ತಾರೆ, ಪಾಟೀ ಸವಾಲು ನಡೆಯುತ್ತದೆ. ಆರೋಪ ಸಾಬೀತಾದರೆ ದಂಡನೆ. ಕರ್ನಾಟಕದ 1957ರ ಸಿಸಿಎ ನಿಯಮಗಳ (ಸರ್ಕಾರಿ ನೌಕರರ ವರ್ಗೀಕರಣ, ನಿಯಂತ್ರಣ, ಮೇಲ್ಮನವಿಯ ನಿಯಮಗಳು) ದಂಡನೆ ಪಟ್ಟಿಯಲ್ಲೂ ಕಡ್ಡಾಯ ನಿವೃತ್ತಿ ಇದೆ. ಇದರಲ್ಲಿ ವಾದಿಸಲು, ಅಲ್ಲಗಳೆಯಲು ಅವಕಾಶ ಇರುತ್ತದೆ.

ಇನ್ನೊಂದು, ಸಾರ್ವಜನಿಕ ಹಿತದ ಹೆಸರಲ್ಲಿ ಬರುವುದು. ಇದರಲ್ಲಿ ಆರೋಪವೂ ಇಲ್ಲ, ವಿಚಾರಣೆಯೂ ಇಲ್ಲ. ಸೇವಾ ನಿಯಮದಲ್ಲಿ ಹೇಳಿದ ವಯಸ್ಸು (ಸಾಮಾನ್ಯವಾಗಿ 50 ಅಥವಾ 55) ದಾಟಿದ ಮೇಲೆ, ಇಲ್ಲವೇ ಇಂತಿಷ್ಟು ವರ್ಷ ಸೇವೆ ಮುಗಿದ ಮೇಲೆ, ಪೂರ್ತಿ ದಾಖಲೆ ನೋಡಿ, "ಇವರು ಮುಂದುವರಿಯುವುದು ಬೇಡ" ಎಂದು ತೀರ್ಮಾನಿಸಬಹುದು. ಮೂರು ತಿಂಗಳ ನೋಟಿಸ್, ಅಥವಾ ಅದರ ಬದಲು ಮೂರು ತಿಂಗಳ ಸಂಬಳ. ಪೆನ್ಷನ್ ಸಿಗುತ್ತದೆ. ಆದೇಶ ನಾಲ್ಕು ಸಾಲಿನದ್ದು, 'ಸಾರ್ವಜನಿಕ ಹಿತದೃಷ್ಟಿಯಿಂದ' ಎಂಬ ಮಾತು ಬಿಟ್ಟರೆ ಕಾರಣ ಇರುವುದಿಲ್ಲ. ಕೋರ್ಟುಗಳಲ್ಲಿ ಜಾಸ್ತಿ ಚರ್ಚೆಯಾಗಿರುವುದು ಈ ಎರಡನೆಯದು. ಈ ಬರಹವೂ ಅದರ ಬಗ್ಗೆಯೇ.

ವಿಚಾರಣೆ ಇಲ್ಲದೆ ಹೀಗೆ ಕಳಿಸಬಹುದಾ? ಸಂವಿಧಾನದ 311ನೇ ವಿಧಿ ಇದೆಯಲ್ಲ, ವಜಾ ಮಾಡುವ ಮೊದಲು ವಿಚಾರಣೆ ನಡೆಸಬೇಕು ಎಂದು? 1954ರಲ್ಲೇ ಶ್ಯಾಮ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಹೇಳಿತು. ಈ ಬಗೆಯ ಕಡ್ಡಾಯ ನಿವೃತ್ತಿ ಶಿಕ್ಷೆಯಲ್ಲ, ದುಡಿದು ಗಳಿಸಿದ ಪೆನ್ಷನ್ ಹೋಗುವುದಿಲ್ಲ, ಆದ್ದರಿಂದ 311 ಇಲ್ಲಿ ಅನ್ವಯಿಸುವುದಿಲ್ಲ.

1970ರಲ್ಲಿ ಜೆ.ಎನ್. ಸಿನ್ಹಾ ಪ್ರಕರಣದಲ್ಲಿ ಇದು ಇನ್ನಷ್ಟು ಗಟ್ಟಿಯಾಯಿತು. ಸಿನ್ಹಾ ನ್ಯಾಯಾಧೀಶರಲ್ಲ, ಸರ್ವೆ ಆಫ್ ಇಂಡಿಯಾದ ಅಧಿಕಾರಿ. ಆದರೆ ಇವತ್ತಿಗೂ ನ್ಯಾಯಾಧೀಶರ ಪ್ರಕರಣಗಳಲ್ಲಿ ಈ ತೀರ್ಪಿನ ಹೆಸರು ಬರುತ್ತದೆ. ಬರೆದವರು ನಮ್ಮ ಕಾರ್ಕಳ ತಾಲ್ಲೂಕಿನ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಎಲ್ಲ ಸಂಸ್ಥೆಗಳಲ್ಲೂ, ಅದರಲ್ಲೂ ಸರ್ಕಾರಿ ಸಂಸ್ಥೆಗಳಲ್ಲಿ, ಒಣಗಿದ ಕೊಂಬೆಗಳು ಇರುತ್ತವೆ, ಅವನ್ನು ಕತ್ತರಿಸುವುದು ಸಾರ್ವಜನಿಕ ಹಿತ ಎಂಬ ಅರ್ಥದ ಮಾತು ಆ ತೀರ್ಪಿನದ್ದು. ಜೊತೆಗೆ ಅವರು ಪ್ರಶ್ನಿಸುವ ದಾರಿಯನ್ನೂ ತೆರೆದಿಟ್ಟರು. ಮನೆಗೆ ಕಳಿಸಬೇಕೆಂಬ ಅಭಿಪ್ರಾಯಕ್ಕೆ ನಿಜವಾಗಿ ಬಂದೇ ಇಲ್ಲ, ತೀರ್ಮಾನದ ಹಿಂದೆ ಬೇರೆ ಉದ್ದೇಶ ಇದೆ, ಅಥವಾ ಅದು ಮನಸೋಇಚ್ಛೆಯದು ಎಂದು ತೋರಿಸಿದರೆ ಕೋರ್ಟ್ ಮಧ್ಯೆ ಬರಬಹುದು. ಮುಂದಿನ ಐವತ್ತು ವರ್ಷಗಳ ತೀರ್ಪುಗಳೆಲ್ಲ ಹೆಚ್ಚುಕಮ್ಮಿ ಈ ಮಾತುಗಳ ವಿಸ್ತರಣೆ. (ಇದೇ ಹೆಗ್ಡೆಯವರು 1973ರಲ್ಲಿ ತಮಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಹೊರಬಂದರು. ನ್ಯಾಯಾಧೀಶರ ಮೇಲೆ ಒತ್ತಡ ಎಷ್ಟು ಬಗೆಯಲ್ಲಿ ಬರುತ್ತದೆ ಎಂಬುದನ್ನು ಸ್ವತಃ ಕಂಡವರು.)

'ಶಿಕ್ಷೆಯಲ್ಲ, ಕಳಂಕವಿಲ್ಲ' ಎಂಬ ಈ ಮಾತು ಕಾಗದದ ಮೇಲೆ ಸರಿ. ಆದರೆ ತಾಲ್ಲೂಕು ಕೋರ್ಟಿನ ಬಾರ್ ರೂಮಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. "ಸಾಹೇಬರನ್ನು ಮನೆಗೆ ಕಳಿಸಿದ್ರಂತೆ" ಎಂಬ ಸುದ್ದಿ ಬಂದ ಕ್ಷಣವೇ "ಏನು ತಿಂದಿದ್ರೋ" ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಕಾರಣ ಬರೆಯದ ಆದೇಶ ಎಲ್ಲ ಬಗೆಯ ಊಹೆಗೂ ಜಾಗ ಕೊಡುತ್ತದೆ. ನಿಧಾನವಾಗಿ ಕೆಲಸ ಮಾಡುತ್ತಿದ್ದ ಜಡ್ಜ್, ಕಾಯಿಲೆಯಿಂದ ಸೋತ ಜಡ್ಜ್, ಲಂಚ ತೆಗೆದುಕೊಂಡ ಜಡ್ಜ್, ಮೂವರಿಗೂ ಒಂದೇ ಬಗೆಯ ಆದೇಶ. ಇದು ನ್ಯಾಯವಲ್ಲ ಎಂದೇ ನನಗೆ ಅನ್ನಿಸುತ್ತದೆ.

ಕಳಿಸುವ ಅಧಿಕಾರ ಯಾರದು?

ಸಿವಿಲ್ ಜಡ್ಜ್ ಇರಲಿ, ಜಿಲ್ಲಾ ನ್ಯಾಯಾಧೀಶರಿರಲಿ, ಅವರ ಸಂಬಳ ಬರುವುದು ರಾಜ್ಯ ಸರ್ಕಾರದ ಖಜಾನೆಯಿಂದ. ಹಾಗಂತ ಅವರನ್ನು ಸರ್ಕಾರ ಮನೆಗೆ ಕಳಿಸುವ ಹಾಗಿಲ್ಲ. ಸಂವಿಧಾನದ 235ನೇ ವಿಧಿ ಕೆಳಗಿನ ಕೋರ್ಟುಗಳ ಮೇಲಿನ ನಿಯಂತ್ರಣವನ್ನು ಹೈಕೋರ್ಟಿಗೆ ಕೊಟ್ಟಿದೆ. 1966ರಲ್ಲಿ ಪಶ್ಚಿಮ ಬಂಗಾಳದ ಬಾಗ್ಚಿ ಪ್ರಕರಣದಲ್ಲಿ, ನಿಯಂತ್ರಣ ಎಂದರೆ ಶಿಸ್ತು ಕ್ರಮವೂ ಸೇರಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅವಧಿಗೆ ಮುನ್ನ ನಿವೃತ್ತಿ ಮಾಡುವುದೂ ಹೈಕೋರ್ಟಿನ ತೀರ್ಮಾನ, ರಾಜ್ಯಪಾಲರು ಆ ಶಿಫಾರಸಿನಂತೆ ಆದೇಶಕ್ಕೆ ಸಹಿ ಹಾಕುವವರು ಎಂಬುದು 1976ರ ಹರಿಯಾಣದ ಪ್ರಕರಣದಲ್ಲಿ ಸ್ಪಷ್ಟವಾಯಿತು.

ಇದರಲ್ಲಿ ಹೆಜ್ಜೆಗಳ ಕ್ರಮ ತಪ್ಪಿದರೂ ಆದೇಶ ನಿಲ್ಲುವುದಿಲ್ಲ. ಉತ್ತರ ಪ್ರದೇಶದಲ್ಲಿ ಒಬ್ಬ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರನ್ನು ನಿವೃತ್ತಿ ಮಾಡುವ ಪ್ರಸ್ತಾಪ ಸರ್ಕಾರದಿಂದ ಹೊರಟಿತು. ಹೈಕೋರ್ಟಿನ ಆಡಳಿತಾತ್ಮಕ ನ್ಯಾಯಮೂರ್ತಿ ಒಪ್ಪಿದರು. ರಾಜ್ಯಪಾಲರ ಆದೇಶ ಆಯಿತು. ಹೈಕೋರ್ಟಿನ ಆಡಳಿತ ಸಮಿತಿ ಒಪ್ಪಿಗೆ ಕೊಟ್ಟದ್ದು ಆಮೇಲೆ. 1986ರಲ್ಲಿ ತೇಜ್‌ಪಾಲ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟಿನ ಶಿಫಾರಸು ಮೊದಲು ಬರಬೇಕು, ಆದೇಶ ಆದ ಮೇಲೆ ಬಂದ ಒಪ್ಪಿಗೆ ಅದನ್ನು ಉಳಿಸಲಾರದು ಎಂದು ಇಡೀ ಆದೇಶವನ್ನೇ ತಳ್ಳಿಹಾಕಿತು.

ಇಷ್ಟು ಬಿಗಿ ಏಕೆ ಬೇಕು? ಜಿಲ್ಲಾ ಕೋರ್ಟಿನಲ್ಲಿ ಅತಿ ಹೆಚ್ಚು ಬಾರಿ ಕಟಕಟೆಯ ಒಂದು ಬದಿಯಲ್ಲಿ ಇರುವುದು ಸರ್ಕಾರವೇ. ಭೂಸ್ವಾಧೀನದ ಪರಿಹಾರ ಹೆಚ್ಚಿಸಿ ಎಂದು ರೈತ ಬಂದರೆ ಎದುರಾಳಿ ಸರ್ಕಾರ. ಕ್ರಿಮಿನಲ್ ಕೇಸಿನಲ್ಲಿ ಫಿರ್ಯಾದಿ ಸರ್ಕಾರ. ತನ್ನ ವಿರುದ್ಧ ಆದೇಶ ಬರೆದ ಜಡ್ಜನ್ನು ಮೂರು ತಿಂಗಳ ಸಂಬಳ ಕೊಟ್ಟು ಕಳಿಸುವ ಅಧಿಕಾರ ಅದೇ ಸರ್ಕಾರಕ್ಕೆ ಇದ್ದರೆ ಆ ರೈತ ಯಾರನ್ನು ನಂಬಬೇಕು?

ಫೈಲಿನೊಳಗೆ ಏನಿರುತ್ತದೆ?

ನ್ಯಾಯಾಧೀಶರ ಬದುಕಿನಲ್ಲಿ ಎಸಿಆರ್, ಅಂದರೆ ವಾರ್ಷಿಕ ಗೌಪ್ಯ ವರದಿ, ಬಹಳ ದೊಡ್ಡ ವಸ್ತು. ಸಾಮಾನ್ಯವಾಗಿ ಸಿವಿಲ್ ಜಡ್ಜ್ ಬಗ್ಗೆ ಮೊದಲು ಬರೆಯುವವರು ಆ ಜಿಲ್ಲೆಯ ಪ್ರಧಾನ ಜಿಲ್ಲಾ ನ್ಯಾಯಾಧೀಶರು, ಆಮೇಲೆ ಅದು ಹೈಕೋರ್ಟಿನ ಆಡಳಿತಾತ್ಮಕ ನ್ಯಾಯಮೂರ್ತಿಗಳ ಮುಂದೆ ಹೋಗುತ್ತದೆ. ವರ್ಷದಲ್ಲಿ ಎಷ್ಟು ಕೇಸು ಮುಗಿಸಿದರು, ತೀರ್ಪಿನ ಗುಣಮಟ್ಟ ಹೇಗಿದೆ, ವಕೀಲರ ಜೊತೆ ನಡವಳಿಕೆ ಹೇಗೆ, ಪ್ರಾಮಾಣಿಕತೆ ಹೇಗೆ. ಕೊನೆಯ ಕಾಲಂ ಅತಿ ಸೂಕ್ಷ್ಮ. 'ಸಂಶಯಾಸ್ಪದ' ಎಂಬ ಒಂದು ಪದ ಅಲ್ಲಿ ಬಿದ್ದರೆ ಇಪ್ಪತ್ತೈದು ವರ್ಷದ ಸೇವೆ ಅಲುಗಾಡುತ್ತದೆ. ಇದರ ಜೊತೆಗೆ ವಿಜಿಲೆನ್ಸ್ ವರದಿಗಳು, ಬಂದ ದೂರುಗಳು, ಹಿಂದಿನ ದಂಡನೆಗಳೂ ಸೇರುತ್ತವೆ.

ಈ ದಾಖಲೆಯನ್ನು ಹೇಗೆ ಓದಬೇಕು ಎಂದು 1992ರಲ್ಲಿ ಬೈಕುಂಠನಾಥ್ ದಾಸ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಅದು ಒಡಿಶಾದ ಆರೋಗ್ಯ ಇಲಾಖೆಯ ನೌಕರರೊಬ್ಬರ ಪ್ರಕರಣ, ಆದರೆ ನ್ಯಾಯಾಧೀಶರಿಗೂ ಇದೇ ಅಳತೆಗೋಲು. ಪೂರ್ತಿ ಸೇವೆಯ ದಾಖಲೆ ನೋಡಬೇಕು, ಆದರೆ ಇತ್ತೀಚಿನ ವರ್ಷಗಳಿಗೆ ಜಾಸ್ತಿ ತೂಕ ಕೊಡಬೇಕು. ಕೆಟ್ಟ ಷರಾ ಇದ್ದರೂ ಆಮೇಲೆ ಅರ್ಹತೆಯ ಮೇಲೆ ಬಡ್ತಿ ಸಿಕ್ಕಿದ್ದರೆ ಆ ಷರಾದ ಮೊನಚು ಹೋಗುತ್ತದೆ. ಆದೇಶಕ್ಕೆ ಮುನ್ನ ಆ ವ್ಯಕ್ತಿಯ ಮಾತು ಕೇಳಬೇಕಾಗಿಲ್ಲ. ಅವರಿಗೆ ಯಾವತ್ತೂ ತಿಳಿಸದ ಷರಾಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು ಎಂಬುದಷ್ಟರಿಂದಲೇ ಆದೇಶ ಬೀಳುವುದಿಲ್ಲ.

ಈ ಕೊನೆಯ ಮಾತು ನನಗೆ ಬಹಳ ಕಾಡುತ್ತದೆ. ಬಡ್ತಿಯ ವಿಷಯದಲ್ಲಿ ಕಾನೂನು ಬದಲಾಗಿದೆ. 2008ರ ದೇವ್‌ದತ್ ಪ್ರಕರಣದ ನಂತರ ಎಸಿಆರ್‌ನ ಪ್ರತಿ ನಮೂದನ್ನೂ, ಒಳ್ಳೆಯದಿರಲಿ ಕೆಟ್ಟದಿರಲಿ, ಆ ಅಧಿಕಾರಿಗೆ ತಿಳಿಸಲೇಬೇಕು. ಅಂದರೆ ಬಡ್ತಿ ತಪ್ಪಿಸುವುದಕ್ಕೆ ಮುಚ್ಚಿಟ್ಟ ಷರಾ ಬಳಸಬಾರದು, ಆದರೆ ಕೆಲಸದಿಂದಲೇ ಬಿಡಿಸುವುದಕ್ಕೆ ಬಳಸಬಹುದು! ಸಣ್ಣ ನಷ್ಟಕ್ಕೆ ಇರುವ ರಕ್ಷಣೆ ದೊಡ್ಡ ನಷ್ಟಕ್ಕೆ ಇಲ್ಲ. ಶಿಕ್ಷೆಯಲ್ಲ ಎಂಬ 1954ರ ಮಾತಿನ ನೆರಳು ಇಲ್ಲಿ ತನಕ ಚಾಚಿದೆ.

ಫೈಲಿನ ಅಂಕಿಗಳನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಒಂದು ಪ್ರಕರಣ ಹೇಳಬೇಕು. ಇದು ಕಡ್ಡಾಯ ನಿವೃತ್ತಿಯಲ್ಲ, ಪ್ರೊಬೇಷನ್‌ನಲ್ಲಿದ್ದವರನ್ನು ತೆಗೆದದ್ದು, ಆದರೂ ಫೈಲಿನ ಸಮಸ್ಯೆ ಅದೇ. 2023ರಲ್ಲಿ ಮಧ್ಯಪ್ರದೇಶದಲ್ಲಿ ಆರು ಮಂದಿ ಮಹಿಳಾ ಸಿವಿಲ್ ಜಡ್ಜ್‌ಗಳನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅವರಲ್ಲಿ ಇಬ್ಬರ ವಿಷಯದಲ್ಲಿ 2025ರ ಫೆಬ್ರವರಿ 28ರಂದು ತೀರ್ಪು ಬಂತು, ಬರೆದವರು ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಒಬ್ಬರಿಗೆ ಗರ್ಭಪಾತವಾಗಿತ್ತು, ಕೋವಿಡ್ ಬಂದಿತ್ತು. ಕೇಸುಗಳ ವಿಲೇವಾರಿ ಕಡಿಮೆ ಎಂದು ಅಳೆಯುವಾಗ ಅದೆಲ್ಲ ಲೆಕ್ಕಕ್ಕೆ ಬಂದಿರಲಿಲ್ಲ. ಇಬ್ಬರನ್ನೂ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ ಎಂದು ಕೋರ್ಟ್ ಹೇಳಿತು. ಎಷ್ಟು ಕೇಸು ಮುಗಿಸಿದರು ಎಂಬ ಅಂಕಿ ಒಬ್ಬ ಹೆಣ್ಣುಮಗಳ ಆ ವರ್ಷದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪ್ರಾಮಾಣಿಕತೆಯ ಪ್ರಶ್ನೆ

ಇನ್ನೊಂದು ಬದಿಯೂ ಇದೆ, ಅದು ಅಷ್ಟೇ ಗಂಭೀರ. ಲಂಚಕ್ಕೆ ರಶೀದಿ ಇರುವುದಿಲ್ಲ. ಒಬ್ಬ ಜಡ್ಜ್ ದುಡ್ಡು ತೆಗೆದುಕೊಂಡು ಆದೇಶ ಬರೆಯುತ್ತಾರೆ ಎಂದು ಇಡೀ ಊರಿಗೆ ಗೊತ್ತಿದ್ದರೂ ಸಾಕ್ಷಿ ಹೇಳಲು ಯಾರು ಬರುತ್ತಾರೆ? ಕೊಟ್ಟವನಿಗೆ ಕೆಲಸ ಆಗಿದೆ, ಅವನು ಬಾಯಿ ಬಿಡುವುದಿಲ್ಲ. ಸೋತವನ ಹತ್ತಿರ ಅನುಮಾನ ಮಾತ್ರ ಇದೆ. ವಕೀಲರಿಗೆ ನಾಳೆಯೂ ಅದೇ ಕೋರ್ಟಿನಲ್ಲಿ ನಿಲ್ಲಬೇಕು. ಇಂಥಲ್ಲಿ ಇಲಾಖಾ ವಿಚಾರಣೆ ನಡೆಸಿ ಆರೋಪ ಸಾಬೀತು ಮಾಡಿ ಎಂದರೆ ಯಾರನ್ನೂ ಮುಟ್ಟಲಿಕ್ಕೆ ಆಗುವುದಿಲ್ಲ.

ಈ ಕಷ್ಟ ಸುಪ್ರೀಂ ಕೋರ್ಟಿಗೂ ಗೊತ್ತು. 2003ರಲ್ಲಿ ಉತ್ತರ ಪ್ರದೇಶದ ನ್ಯಾಯಾಧೀಶರ ನವಲ್ ಸಿಂಗ್ ಪ್ರಕರಣದಲ್ಲಿ, ಪ್ರಾಮಾಣಿಕತೆಯ ಬಗ್ಗೆ ಸಂಶಯಕ್ಕೆ ನೇರ ಪುರಾವೆ ಒದಗಿಸುವುದು ಅಸಾಧ್ಯ, ಕೆಲಸವನ್ನು ಹತ್ತಿರದಿಂದ ಕಂಡ ಮೇಲಧಿಕಾರಿಯ ಅಭಿಪ್ರಾಯದ ಮೇಲೇ ಭರವಸೆ ಇಡಬೇಕಾಗುತ್ತದೆ ಎಂದಿತು. 2010ರಲ್ಲಿ ಜಾರ್ಖಂಡಿನ ಪ್ಯಾರೇ ಮೋಹನ್ ಲಾಲ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರಾಮಾಣಿಕತೆಯ ಬಗ್ಗೆ ಒಂದೇ ಒಂದು ಕೆಟ್ಟ ಷರಾ, ಅದು ಎಷ್ಟೇ ಹಳೆಯದಿರಲಿ, ಕಡ್ಡಾಯ ನಿವೃತ್ತಿಗೆ ಸಾಕಾಗಬಹುದು. ನಡುವೆ ಬಡ್ತಿ ಸಿಕ್ಕಿದ್ದರಿಂದ ಅದು ತೊಳೆದುಹೋಗುವುದಿಲ್ಲ. ಮರುವರ್ಷ ದೆಹಲಿಯ ನ್ಯಾಯಾಧೀಶರ ರಾಜೇಂದ್ರ ಸಿಂಗ್ ವರ್ಮಾ ಪ್ರಕರಣದಲ್ಲೂ ಕೋರ್ಟ್ ನಿವೃತ್ತಿಯ ಆದೇಶವನ್ನು ಎತ್ತಿಹಿಡಿಯಿತು.

ಗಮನಿಸಿ, 1992ರ ಮಾತಿಗೂ 2010ರ ಮಾತಿಗೂ ತಾಳೆ ಆಗುವುದಿಲ್ಲ. ಬಡ್ತಿ ಸಿಕ್ಕರೆ ಹಳೆಯ ಷರಾದ ಮೊನಚು ಹೋಗುತ್ತದೆ ಎಂದು ಒಂದು ಕಡೆ, ಹೋಗುವುದಿಲ್ಲ ಎಂದು ಇನ್ನೊಂದು ಕಡೆ. ಕೆಲಸದ ಸಾಮರ್ಥ್ಯದ ಷರಾಗೆ ಒಂದು ಲೆಕ್ಕ, ಪ್ರಾಮಾಣಿಕತೆಯ ಷರಾಗೆ ಇನ್ನೊಂದು ಲೆಕ್ಕ ಎಂದು ಓದಿದರೆ ಎರಡನ್ನೂ ಹೊಂದಿಸಬಹುದು. ಜನರ ದೃಷ್ಟಿಯಿಂದ ಅದು ತಪ್ಪಲ್ಲ. ನಿಧಾನದ ಜಡ್ಜ್ ವೇಗ ಕಲಿಯಬಹುದು. ದುಡ್ಡು ತಿನ್ನುವ ಜಡ್ಜ್ ಮುಂದೆ ನಿಂತ ಬಡ ಕಕ್ಷಿದಾರನಿಗೆ ಕಾಯುವಷ್ಟು ಸಮಯ ಇಲ್ಲ. ಆದರೆ ಒಂದೇ ಷರಾ ಸಾಕು ಎನ್ನುವಾಗ ಆ ಷರಾ ಬರೆದವರ ಮೇಲೆ ನಮಗೆ ಇರಬೇಕಾದ ವಿಶ್ವಾಸ ಎಷ್ಟು ದೊಡ್ಡದು ನೋಡಿ. ಜಿಲ್ಲಾ ನ್ಯಾಯಾಧೀಶರಿಗೂ ಸಿವಿಲ್ ಜಡ್ಜ್‌ಗೂ ಸುಮ್ನೆ ಸರಿಹೋಗದಿದ್ದರೂ ಆ ಕಾಲಂನಲ್ಲಿ ಒಂದು ಪದ ಬೀಳಬಹುದು.

ಕೋರ್ಟ್ ಎಷ್ಟರಮಟ್ಟಿಗೆ ಕೈ ಹಾಕುತ್ತದೆ?

ಕಡ್ಡಾಯ ನಿವೃತ್ತಿಯ ವಿರುದ್ಧ ಮೇಲ್ಮನವಿ ಅಲ್ಲ, ರಿಟ್ ಅರ್ಜಿ ಹಾಕುವುದು. ವ್ಯತ್ಯಾಸ ದೊಡ್ಡದು. ಮೇಲ್ಮನವಿಯಲ್ಲಿ "ಈ ತೀರ್ಮಾನ ತಪ್ಪು, ನಾವು ಬೇರೆ ತೀರ್ಮಾನ ಮಾಡುತ್ತೇವೆ" ಎನ್ನಬಹುದು. ರಿಟ್‌ನಲ್ಲಿ ತೀರ್ಮಾನಕ್ಕೆ ಬಂದ ದಾರಿಯನ್ನು ನೋಡುತ್ತಾರೆ. ಅಧಿಕಾರ ಇರುವವರೇ ಮಾಡಿದರಾ, ಎದುರಿಗೆ ದಾಖಲೆ ಏನಾದರೂ ಇತ್ತಾ, ಆ ದಾಖಲೆಯಿಂದ ವಿವೇಕ ಇರುವವರು ಇಂಥ ತೀರ್ಮಾನಕ್ಕೆ ಬರಲು ಸಾಧ್ಯವಾ, ದುರುದ್ದೇಶ ಇದೆಯಾ. ದಾಖಲೆ ಸ್ವಲ್ಪವಾದರೂ ಇದ್ದರೆ, "ಇಷ್ಟು ಸಾಲದು" ಎಂದು ಕೋರ್ಟ್ ತೂಗಲು ಹೋಗುವುದಿಲ್ಲ.

ವಿಚಾರಣೆ ತಪ್ಪಿಸಿಕೊಳ್ಳಲು ಅಡ್ಡದಾರಿಯಾಗಿ ಕಡ್ಡಾಯ ನಿವೃತ್ತಿ ಬಳಸಿದರೆ ಅದೂ ಬೀಳುತ್ತದೆ. 2001ರಲ್ಲಿ ಗುಜರಾತಿನ ಉಮೇದ್‌ಭಾಯಿ ಪಟೇಲ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಲಾಯಿತು. ನಿರ್ದಿಷ್ಟ ಆರೋಪ ಇದೆಯಾ? ವಿಚಾರಣೆ ನಡೆಸಿ. ಅದು ಕಷ್ಟ ಎಂದು 'ಸಾರ್ವಜನಿಕ ಹಿತ' ಎನ್ನಬೇಡಿ.

ನ್ಯಾಯಾಧೀಶರ ವಿಷಯದಲ್ಲಿ ಇದಕ್ಕೆ ಇನ್ನೊಂದು ಅಂಚಿದೆ. ಅವರ ಕೆಲಸವೇ ಆದೇಶ ಬರೆಯುವುದು, ಆದೇಶ ತಪ್ಪಾಗಬಹುದು. ಜಾಮೀನು ಕೊಟ್ಟದ್ದು ತಪ್ಪಾಗಿ ಕಂಡರೆ ಅದು ಅಪ್ರಾಮಾಣಿಕತೆಯಾ? ಬಿಹಾರದ ಕೃಷ್ಣ ಪ್ರಸಾದ್ ವರ್ಮಾ ಪ್ರಕರಣದಲ್ಲಿ, ಕೊಲೆ ಕೇಸಿನಲ್ಲಿ ಜಾಮೀನು ಕೊಟ್ಟದ್ದೂ ಸೇರಿದಂತೆ ತಮ್ಮ ಆದೇಶಗಳಿಗಾಗಿ ಒಬ್ಬ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರು ಶಿಸ್ತು ಕ್ರಮ ಎದುರಿಸಿದರು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಆದೇಶ ತಪ್ಪು ಎಂಬ ಒಂದೇ ಕಾರಣಕ್ಕೆ ಕ್ರಮ ಸಲ್ಲದು, ಅದರ ಹಿಂದೆ ಹೊರಗಿನ ಪ್ರಭಾವ ಇತ್ತು ಎಂದು ತೋರಿಸಬೇಕು ಎಂದಿತು. ಜಾಮೀನು ಕೊಟ್ಟರೆ ಷರಾ ಬರುತ್ತದೆ, ಕೊಡದಿದ್ದರೆ ಏನೂ ಆಗುವುದಿಲ್ಲ ಎಂಬ ಭಯ ಒಮ್ಮೆ ಹೊಕ್ಕರೆ ಅದರ ಬೆಲೆ ತೆರುವವನು ಜೈಲಿನಲ್ಲಿ ಕೂತ ವಿಚಾರಣಾಧೀನ ಕೈದಿ. ಆ ತೀರ್ಪು ಬರುವ ಹೊತ್ತಿಗೆ ವರ್ಮಾ ಬದುಕಿರಲಿಲ್ಲ, ಕೇಸು ನಡೆಸಿದ್ದು ವಾರಸುದಾರರು.

ತಮಾಷೆಯಲ್ಲದ ಇನ್ನೊಂದು ತೊಡಕು. ಮನೆಗೆ ಕಳಿಸಿ ಎಂದು ಶಿಫಾರಸು ಮಾಡುವುದು ಹೈಕೋರ್ಟಿನ ಆಡಳಿತ ವಿಭಾಗ, ಎಷ್ಟೋ ಸಲ ಎಲ್ಲ ನ್ಯಾಯಮೂರ್ತಿಗಳೂ ಸೇರಿದ ಫುಲ್ ಕೋರ್ಟ್. ಅದರ ವಿರುದ್ಧ ರಿಟ್ ಹಾಕುವುದೂ ಅದೇ ಹೈಕೋರ್ಟಿನಲ್ಲಿ. ಅರ್ಜಿ ಕೇಳುವ ಇಬ್ಬರು ನ್ಯಾಯಮೂರ್ತಿಗಳು ಆ ಸಭೆಯಲ್ಲಿ ಕೂತಿದ್ದವರ ಸಹೋದ್ಯೋಗಿಗಳು. ಹೀಗಿದ್ದೂ ಮದ್ರಾಸ್ ಹೈಕೋರ್ಟ್ ಒಮ್ಮೆ ತನ್ನದೇ ಆಡಳಿತ ವಿಭಾಗದ ತೀರ್ಮಾನವನ್ನು ನ್ಯಾಯಾಂಗ ವಿಭಾಗದಲ್ಲಿ ತಳ್ಳಿಹಾಕಿತು. ಹೈಕೋರ್ಟೇ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು, 1988ರಲ್ಲಿ ಸೋತಿತು. ರಾಜಯ್ಯ ಪ್ರಕರಣ ಎಂದು ಇದು ಪ್ರಸಿದ್ಧ. 235ನೇ ವಿಧಿಯ ಅಧಿಕಾರ ಇದೆ ಎಂದು ಹೈಕೋರ್ಟ್ ದಾಖಲೆಯ ಆಧಾರವಿಲ್ಲದೆ ಮನಸ್ಸಿಗೆ ಬಂದಂತೆ ನಡೆಯುವ ಹಾಗಿಲ್ಲ ಎಂಬುದು ಅದರ ಸಾರ.

58ರ ಹೊಸ್ತಿಲು

ಜಿಲ್ಲಾ ನ್ಯಾಯಾಂಗದಲ್ಲಿ ನಿವೃತ್ತಿ ವಯಸ್ಸು 58 ಇದ್ದ ಕಾಲ. ಅಖಿಲ ಭಾರತ ನ್ಯಾಯಾಧೀಶರ ಸಂಘದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಅದನ್ನು 60ಕ್ಕೆ ಏರಿಸಿ ಎಂದಿತು. ಸರ್ಕಾರಗಳು ಪುನರ್ ಪರಿಶೀಲನೆ ಕೋರಿದವು. 1993ರ ಆಗಸ್ಟ್ 24ರ ತೀರ್ಪಿನಲ್ಲಿ 60 ಉಳಿಯಿತು, ಆದರೆ ಒಂದು ಷರತ್ತಿನೊಂದಿಗೆ. ಎರಡು ವರ್ಷದ ಲಾಭ ತಾನಾಗಿ ಸಿಗುವುದಿಲ್ಲ. 58 ಆಗುವ ಮೊದಲು ಹೈಕೋರ್ಟ್ ಪ್ರತಿಯೊಬ್ಬರ ದಾಖಲೆ ನೋಡಬೇಕು, ಯೋಗ್ಯರಲ್ಲ ಅನ್ನಿಸಿದವರನ್ನು ಕಡ್ಡಾಯ ನಿವೃತ್ತಿಯ ಕ್ರಮ ಅನುಸರಿಸಿ 58ಕ್ಕೇ ಕಳಿಸಬೇಕು. ನಿಯಮದಲ್ಲಿ ಮೊದಲೇ ಇರುವ 50-55ರ ಪರಿಶೀಲನೆ ಇದರಿಂದ ತಪ್ಪುವುದಿಲ್ಲ.

ಆಮೇಲೆ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅಧ್ಯಕ್ಷತೆಯ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ ಇದನ್ನು 62ಕ್ಕೆ ಏರಿಸಿ ಎಂದು 1999ರಲ್ಲಿ ಶಿಫಾರಸು ಮಾಡಿತು. ಇವರೂ ಕನ್ನಡಿಗರೇ. 2002ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೈಕೋರ್ಟ್ ನ್ಯಾಯಮೂರ್ತಿಗಳ ವಯಸ್ಸೇ 62 ಇರುವಾಗ ಕೆಳಗಿನವರಿಗೂ ಅಷ್ಟೇ ಕೊಡುವುದು ಸರಿಯಲ್ಲ ಎಂಬುದು ಕಾರಣ.

ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ ಈ ಕಡ್ಡಾಯ ನಿವೃತ್ತಿ ಅನ್ವಯಿಸುವುದೇ ಇಲ್ಲ. ಅವರನ್ನು ತೆಗೆಯಬೇಕಾದರೆ ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ವಿರುದ್ಧದ ಗೊತ್ತುವಳಿ ಲೋಕಸಭೆಯಲ್ಲಿ ಬಿತ್ತು. 2011ರಲ್ಲಿ ಸೌಮಿತ್ರ ಸೇನ್ ವಿರುದ್ಧದ್ದು ರಾಜ್ಯಸಭೆಯಲ್ಲಿ ಗೆದ್ದ ಮೇಲೆ ಅವರೇ ರಾಜೀನಾಮೆ ಕೊಟ್ಟರು. ಕೆಳಗಿನ ಜಡ್ಜ್‌ಗೆ ಒಂದು ಷರಾ ಸಾಕು, ಮೇಲಿನವರಿಗೆ ಇಡೀ ಸಂಸತ್ತು ಬೇಕು. ಇಷ್ಟು ಅಂತರ ಬೇಕಾ ಎಂದು ಕೇಳುವುದರಲ್ಲಿ ತಪ್ಪಿಲ್ಲ ಅಲ್ವಾ?

ಒಬ್ಬರನ್ನಲ್ಲ, ಎಲ್ಲರನ್ನೂ ಕಳಿಸಿದಾಗ

ಇಲ್ಲಿ ತನಕ ಹೇಳಿದ್ದು ಒಬ್ಬೊಬ್ಬರ ಫೈಲ್ ನೋಡಿ ಕಳಿಸುವ ಬಗೆ. ಯಾರ ಫೈಲನ್ನೂ ನೋಡದೆ ಕಾನೂನು ಬದಲಿಸಿ ಒಂದೇ ಏಟಿಗೆ ಹತ್ತಾರು, ನೂರಾರು ನ್ಯಾಯಾಧೀಶರನ್ನು ಕಳಿಸುವ ಬಗೆಯೂ ಇದೆ. ಯುರೋಪಿನಲ್ಲಿ ಅದಕ್ಕೆ ಎರಡು ಉದಾಹರಣೆ ಇವೆ.

ಹಂಗೇರಿಯಲ್ಲಿ ನ್ಯಾಯಾಧೀಶರು 70ರ ತನಕ ಕೆಲಸದಲ್ಲಿ ಇರಬಹುದಿತ್ತು. 2012ರ ಜನವರಿ 1ರಿಂದ ಅದನ್ನು 62ಕ್ಕೆ ಇಳಿಸಲಾಯಿತು. ಆಗಲೇ 62 ದಾಟಿದವರು ಜೂನ್ 30ರೊಳಗೆ ಹೋಗಬೇಕು, ಆ ವರ್ಷ 62 ತುಂಬುವವರು ಡಿಸೆಂಬರ್ 31ರೊಳಗೆ. ಜುಲೈ 16ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಈ ನಿಯಮವನ್ನು ರದ್ದು ಮಾಡಿತು. ಆದರೆ ಅಷ್ಟರಲ್ಲಿ ಜನರನ್ನು ಕಳಿಸುವ ಆದೇಶಗಳು ಹೊರಟಾಗಿತ್ತು. ಕಾನೂನು ಬಿದ್ದರೂ ಕುರ್ಚಿ ತಾನಾಗಿ ವಾಪಸ್ ಬರಲಿಲ್ಲ. ನವೆಂಬರ್ 6ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಇದು ವಯಸ್ಸಿನ ಆಧಾರದ ತಾರತಮ್ಯ ಎಂದು ತೀರ್ಪು ಕೊಟ್ಟಿತು. ಎಲ್ಲ ಸರ್ಕಾರಿ ಸೇವೆಗೂ ಒಂದೇ ವಯಸ್ಸು ಇರಲಿ, ಕಿರಿಯರಿಗೆ ಅವಕಾಶ ಸಿಗಲಿ ಎಂಬ ಗುರಿಗಳನ್ನು ಕೋರ್ಟ್ ತಪ್ಪು ಎನ್ನಲಿಲ್ಲ. ಆದರೆ ಎಂಟು ವರ್ಷವನ್ನು ಹೀಗೆ ಏಕಾಏಕಿ ಕತ್ತರಿಸುವ ಅಗತ್ಯ ಇತ್ತಾ ಎಂದು ಕೇಳಿತು. ಅದೇ ದೇಶ ಸಾಮಾನ್ಯ ನಿವೃತ್ತಿ ವಯಸ್ಸನ್ನು 2014ರಿಂದ ಹಂತ ಹಂತವಾಗಿ 65ಕ್ಕೆ ಏರಿಸಲು ಹೊರಟಿತ್ತು! 2013ರಲ್ಲಿ ಹೊಸ ಕಾನೂನು ಬಂತು. ಮರಳಿ ಬರಬಹುದು ಅಥವಾ ಪರಿಹಾರ ತೆಗೆದುಕೊಳ್ಳಬಹುದು. ಹಲವರು ಪರಿಹಾರವನ್ನೇ ಆರಿಸಿಕೊಂಡರು.

ಪೋಲೆಂಡಿನದು ಇನ್ನೂ ನೇರ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನಿವೃತ್ತಿ ವಯಸ್ಸನ್ನು 70ರಿಂದ 65ಕ್ಕೆ ಇಳಿಸಿದರು, ಸುಮಾರು ಮೂರನೇ ಒಂದು ಭಾಗ ನ್ಯಾಯಮೂರ್ತಿಗಳಿಗೆ ಇದರ ಬಿಸಿ ತಟ್ಟಿತು. ಮುಂದುವರಿಯಬೇಕಾದರೆ ದೇಶದ ಅಧ್ಯಕ್ಷರ ಒಪ್ಪಿಗೆ ಬೇಕು, ಅದಕ್ಕೆ ಅಳತೆಗೋಲು ಇಲ್ಲ. ಮುಖ್ಯಸ್ಥೆ ಮಾವ್ಗೊಝಾಟಾ ಗೆರ್ಸ್‌ಡಾರ್ಫ್ ಅವರ ಆರು ವರ್ಷದ ಅವಧಿ ಸಂವಿಧಾನದ ಪ್ರಕಾರ 2020ರ ತನಕ ಇತ್ತು. ಕಾನೂನು ಕೊಟ್ಟ ಗಡುವು ಮುಗಿದ ಮರುದಿನ, ಜುಲೈ 4ರಂದು, ಅವರು ಎಂದಿನಂತೆ ಕೆಲಸಕ್ಕೆ ಹೋದರು. ಅಕ್ಟೋಬರ್ 19ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟು ಎಲ್ಲರನ್ನೂ ಮರಳಿ ಕೂರಿಸಿ ಎಂದಿತು. ಪೋಲೆಂಡ್ ನವೆಂಬರ್‌ನಲ್ಲಿ ಕಾನೂನು ತಿದ್ದಿತು. 2019ರ ಜೂನ್ 24ರ ಅಂತಿಮ ತೀರ್ಪು, ಹಂಗೇರಿಯ ತೀರ್ಪಿಗಿಂತ ಭಿನ್ನವಾಗಿ, ವಯಸ್ಸಿನ ತಾರತಮ್ಯದ ಬಗ್ಗೆ ಮಾತಾಡಲಿಲ್ಲ. ನ್ಯಾಯಾಧೀಶರನ್ನು ಅವಧಿಯ ನಡುವೆ ಅಲುಗಾಡಿಸಬಾರದು ಎಂಬ ತತ್ವಕ್ಕೇ ಇದು ಧಕ್ಕೆ ಎಂದಿತು. ಅಲ್ಲಿ ಮಧ್ಯಂತರ ಆದೇಶ ಬೇಗ ಬಂದದ್ದೇ ನ್ಯಾಯಮೂರ್ತಿಗಳನ್ನು ಉಳಿಸಿತು ಎಂಬುದು ನನ್ನ ಅಭಿಪ್ರಾಯ. ಹಂಗೇರಿಯಲ್ಲಿ ಗೆದ್ದವರ ಪೈಕಿ ಹಲವರು ಹಿಂದಿರುಗಲೇ ಇಲ್ಲ.

ನಮ್ಮಲ್ಲಿ ಹೀಗೆ ಆಗಬಹುದಾ? ಹೈಕೋರ್ಟಿನ 62, ಸುಪ್ರೀಂ ಕೋರ್ಟಿನ 65 ಸಂವಿಧಾನದ ಒಳಗೇ ಬರೆದ ಅಂಕಿಗಳು. ಮುಟ್ಟಬೇಕಾದರೆ ಸಂವಿಧಾನ ತಿದ್ದುಪಡಿಯೇ ಆಗಬೇಕು. ಹೈಕೋರ್ಟಿನದ್ದು 60ರಿಂದ 62 ಆದದ್ದೂ 1963ರಲ್ಲಿ 15ನೇ ತಿದ್ದುಪಡಿಯ ಮೂಲಕ. ಜಿಲ್ಲಾ ನ್ಯಾಯಾಧೀಶರ ವಯಸ್ಸು ಮಾತ್ರ ಇರುವುದು ರಾಜ್ಯದ ಸೇವಾ ನಿಯಮದಲ್ಲಿ. ಪಕ್ಕದ ಆಂಧ್ರ ಪ್ರದೇಶದಲ್ಲಿ 1983ರಲ್ಲಿ ಸರ್ಕಾರಿ ನೌಕರರ ನಿವೃತ್ತಿ ವಯಸ್ಸನ್ನು ಒಂದು ಸುಗ್ರೀವಾಜ್ಞೆಯಲ್ಲಿ 58ರಿಂದ 55ಕ್ಕೆ ಇಳಿಸಿದಾಗ, ಅದು ಸರ್ಕಾರದ ನೀತಿಯ ವಿಷಯ ಎಂದು ಸುಪ್ರೀಂ ಕೋರ್ಟ್ 1985ರ ನಾಗರಾಜ್ ಪ್ರಕರಣದಲ್ಲಿ ಎತ್ತಿಹಿಡಿದಿತ್ತು. ಜಿಲ್ಲಾ ನ್ಯಾಯಾಧೀಶರ ವಿಷಯದಲ್ಲಿ ಅಂಥ ಇಳಿಕೆಗೆ ಇವತ್ತು ಎದುರು ನಿಂತಿರುವುದು ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ. ಅದರಲ್ಲಿ ಕೋರ್ಟ್ ಒಂದು ಮಾತನ್ನು ಒತ್ತಿ ಹೇಳಿದೆ: ನ್ಯಾಯಾಂಗ ಸೇವೆ ಉಳಿದ ಸರ್ಕಾರಿ ನೌಕರಿಯಂತಲ್ಲ, ನ್ಯಾಯಾಧೀಶರು ಆ ಅರ್ಥದಲ್ಲಿ ನೌಕರರೂ ಅಲ್ಲ.